ಅಡ್ಡಗೆರೆ ದಪ್ಪವಾದ ಅಚ್ಚು

ಯಾವುದಾದರೂ ಇಂಗ್ಲಿಷ್ ಪುಸ್ತಕ ತೆಗೆದು ‘ಓ’ ಅಕ್ಷರವೊಂದನ್ನು ಹತ್ತಿರದಿಂದ ನೋಡಿ. ಎಡಬಲದ ಬಾಗು ದಪ್ಪಗಿರುತ್ತದೆ. ನೆತ್ತಿಯಲ್ಲೂ ಪಾದದಲ್ಲೂ ಗೆರೆ ಸಣ್ಣಗಾಗುತ್ತದೆ. ಅಗಲ ಮೂತಿಯ ಲೇಖನಿಯನ್ನು ಓರೆಯಾಗಿ ಹಿಡಿದು ಬರೆದವರ ಕೈಯಿಂದ ಬಂದ ರೂಢಿ ಇದು. ಲೇಖನಿ ಹೋಗಿ ಸೀಸದ ಮೊಳೆ ಬಂದ ಮೇಲೂ ರೋಮನ್ ಲಿಪಿ ಇದನ್ನು ಬಿಡಲಿಲ್ಲ. 18ನೇ ಶತಮಾನದ ಕೊನೆಗೆ ಡಿಡೋ, ಬೊಡೋನಿ ಮೊದಲಾದ ಅಚ್ಚು ಕೆತ್ತುವವರು ಈ ಅಂತರವನ್ನು ಹಿಗ್ಗಿಸುತ್ತ ಹೋಗಿ, ನಿಂತ ಗೆರೆಯನ್ನು ಕಂಬದಷ್ಟು ದಪ್ಪ, ಅಡ್ಡಗೆರೆಯನ್ನು ಕೂದಲಷ್ಟು ತೆಳು ಮಾಡಿದರು. 1821ರಲ್ಲಿ ಲಂಡನ್ನಿನ ಕ್ಯಾಸ್ಲನ್ ಫೌಂಡ್ರಿ (ಅಚ್ಚಿನ ಮೊಳೆ ಎರಕ ಹೊಯ್ಯುವ ಕಾರ್ಖಾನೆ) ‘ಇಟಾಲಿಯನ್’ ಎಂಬ ಹೆಸರಿನಲ್ಲಿ ಒಂದು ಅಚ್ಚನ್ನು ಹೊರತಂದಿತು. ಅದರಲ್ಲಿ ದಪ್ಪವೆಲ್ಲ ಅಡ್ಡಗೆರೆಗೆ ಹೋಗಿತ್ತು. ನಿಂತ ಗೆರೆಗಳು ಕಡ್ಡಿಯಾಗಿದ್ದವು. ಅಕ್ಷರದ ಗೆರೆಗಳ ತುದಿಗೆ ಕೂರುವ, ಕೂದಲೆಳೆಯಂತಿದ್ದ ಸೆರಿಫ್‌ಗಳು ಕಪ್ಪು ಗಟ್ಟಿಗಳಾಗಿ ಮೇಲೂ ಕೆಳಗೂ ಕುಳಿತಿದ್ದವು.

ಆ ಕಾಲದ ಬಲ್ಲ ಮುದ್ರಕರಿಗೆ ಇದನ್ನು ಸಹಿಸಲಾಗಲಿಲ್ಲ. ಟಿ. ಸಿ. ಹ್ಯಾನ್ಸರ್ಡ್ 1825ರ ತನ್ನ ‘ಟೈಪೊಗ್ರಾಫಿಯಾ’ ಗ್ರಂಥದಲ್ಲಿ ಇಂಥ ಅಚ್ಚುಗಳನ್ನು ವಿಕಾರಗಳೆಂದು ಖಂಡಿಸಿದ. ಮುಂದೆಯೂ ಅಕ್ಷರ ವಿನ್ಯಾಸದ ಚರಿತ್ರೆ ಬರೆದವರಲ್ಲಿ ಹಲವರು ಇಟಾಲಿಯನ್ನನ್ನು ಬೇಕೆಂದೇ ಮಾಡಿದ ವಿಕೃತಿಯೆಂದು ಬದಿಗೆ ಸರಿಸಿದರು. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ದಪ್ಪ ಇದ್ದಲ್ಲಿ ತೆಳು, ತೆಳು ಇದ್ದಲ್ಲಿ ದಪ್ಪ ಎಂಬ ಸೂತ್ರವನ್ನು ಯಾರು ಬೇಕಾದರೂ ಹೇಳಬಹುದು. ಸೂತ್ರಕ್ಕೆ ಒಗ್ಗದ ಅಕ್ಷರ ಎದುರಾದಾಗ ಅಚ್ಚು ಕೆತ್ತುವವ ಏನು ಮಾಡಿದ ಎಂಬುದರಲ್ಲಿ ಈ ಅಚ್ಚಿನ ಕಸುಬುದಾರಿಕೆ ಇದೆ. ಹಳೆಯ ಪೋಸ್ಟರಿನಲ್ಲಿ ಕಂಡದ್ದು ಯಾವ ಅಚ್ಚು ಎಂದು ಗುರುತು ಹಿಡಿಯುವುದೂ ಅಲ್ಲಿಂದಲೇ. ಇವತ್ತು ಕಂಪ್ಯೂಟರಿನಲ್ಲಿ ಸಿಗುವ ಅದರ ಮರುರೂಪಗಳಿಗೆ ಬೆಲೆ ಕಟ್ಟಬೇಕಾದದ್ದೂ ಅಲ್ಲಿಂದಲೇ.

ಇಂಥ ಅಚ್ಚು ಆಗ ಯಾಕೆ ಹುಟ್ಟಿತು? 1810ರ ದಶಕದ ಲಂಡನ್ನಿನಲ್ಲಿ ಗೋಡೆಯೇ ಪತ್ರಿಕೆಯಾಗಿತ್ತು. ನಾಟಕ, ಕುದುರೆಗಾಡಿಯ ವೇಳೆ, ಹರಾಜು, ಎಲ್ಲಕ್ಕಿಂತ ಮಿಗಿಲಾಗಿ ಸರ್ಕಾರಿ ಲಾಟರಿ: ಒಬ್ಬರ ಕರಪತ್ರ ಇನ್ನೊಬ್ಬರದಕ್ಕಿಂತ ದೂರದಿಂದ ಕಾಣಬೇಕಿತ್ತು. 1826ರಲ್ಲಿ ಆ ಲಾಟರಿ ನಿಲ್ಲುವ ಹೊತ್ತಿಗೆ ಅದರ ಏಜೆಂಟರು ದೊಡ್ಡ ಅಕ್ಷರಗಳಿಗೆ ಒಂದು ಮಾರುಕಟ್ಟೆಯನ್ನೇ ಕಟ್ಟಿಬಿಟ್ಟಿದ್ದರು. ಫೌಂಡ್ರಿಗಳು ಮೊದಲು ನಿಂತ ಗೆರೆಯನ್ನು ಉಬ್ಬಿಸಿ ‘ಫ್ಯಾಟ್ ಫೇಸ್’ ಮಾಡಿದವು. ಆಮೇಲೆ ವಿನ್ಸೆಂಟ್ ಫಿಗಿನ್ಸ್ ಸೆರಿಫ್‌ಗಳನ್ನೂ ಇಟ್ಟಿಗೆಯಂತೆ ದಪ್ಪ ಮಾಡಿ ‘ಆಂಟಿಕ್’ ಹೊರತಂದ. ಸುಮಾರು 1816ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಸೆರಿಫ್‌ಗಳನ್ನೇ ಕಿತ್ತುಹಾಕಿದ ಅಚ್ಚೊಂದನ್ನು ತೋರಿಸಿದ. ನಿಂತದ್ದನ್ನು ಉಬ್ಬಿಸಿ ಆಯಿತು, ತುದಿಯನ್ನು ಉಬ್ಬಿಸಿ ಆಯಿತು, ತುದಿಯನ್ನು ಕತ್ತರಿಸಿ ಆಯಿತು. ಕೈ ಹಾಕದೆ ಉಳಿದಿದ್ದು ದಪ್ಪ ಎಲ್ಲಿರಬೇಕು ಎಂಬ ನಿಯಮ ಒಂದೇ. ಇಟಾಲಿಯನ್ ಅದಕ್ಕೆ ಕೈ ಹಾಕಿತು. ಆ ಹತ್ತು ವರ್ಷಗಳ ಹುಡುಕಾಟದ ಸಾಲಿನಲ್ಲಿ ಇಟ್ಟು ನೋಡಿದರೆ ಅದು ಹುಚ್ಚಾಟವಾಗಿ ಕಾಣುವುದಿಲ್ಲ. ಮುಂದಿನ ಹೆಜ್ಜೆಯಾಗಿ ಕಾಣುತ್ತದೆ.

ಕಣ್ಣಿಗೆ ಅದು ಯಾಕೆ ಚುಚ್ಚುತ್ತದೆ ಎನ್ನುವುದಕ್ಕೆ ರೂಢಿಯೊಂದೇ ಕಾರಣವಲ್ಲ. ಒಂದೇ ಅಳತೆಯ ಎರಡು ಪಟ್ಟಿಗಳನ್ನು ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ ಇಟ್ಟರೆ ಮಲಗಿದ್ದು ಹೆಚ್ಚು ದಪ್ಪವಾಗಿ ಕಾಣುತ್ತದೆ. ಸಮದಪ್ಪದ್ದೆಂದು ನಾವು ನಂಬುವ ಅಕ್ಷರಗಳಲ್ಲಿಯೂ ವಿನ್ಯಾಸಕರು ಅಡ್ಡಗೆರೆಯನ್ನು ಸ್ವಲ್ಪ ತೆಳುವಾಗಿಯೇ ಬರೆಯುವುದು ಇದಕ್ಕಾಗಿ. ಅಡ್ಡಗೆರೆಗೆ ಬೇಕೆಂದೇ ತೂಕ ಕೊಟ್ಟರೆ ಆ ದೃಷ್ಟಿಭ್ರಮೆಯೂ ಅದರ ಜೊತೆ ಸೇರಿಕೊಳ್ಳುತ್ತದೆ. ರೋಮನ್ ಲಿಪಿಯ ಓದು ನಿಂತ ಗೆರೆಗಳ ತಾಳದ ಮೇಲೆ ಸಾಗುವಂಥದ್ದು. ಆ ತಾಳ ಇಲ್ಲಿ ಅಡಗಿಹೋಗಿ, ಪದದ ನೆತ್ತಿಯಲ್ಲೊಂದು ಬುಡದಲ್ಲೊಂದು ಕಪ್ಪು ಪಟ್ಟಿ ಎಳೆದಂತಾಗುತ್ತದೆ. ಅಕ್ಷರಗಳಿಗಿಂತ ಮೊದಲು ಆ ಪಟ್ಟಿಗಳೇ ಕಣ್ಣಿಗೆ ಬೀಳುತ್ತವೆ. ಗೋಡೆಯ ಮೇಲಿನ ಒಂದು ಪದಕ್ಕೆ ಇದು ಬಲ, ಪುಟದ ಒಂದು ಪ್ಯಾರಾಕ್ಕೆ ಇದು ಹಿಂಸೆ. ಕ್ಯಾಸ್ಲನ್ ಫೌಂಡ್ರಿ ಇದನ್ನು ಪುಟಕ್ಕೆಂದು ಮಾಡಿರಲೂ ಇಲ್ಲ.

ಇನ್ನು ಸೂತ್ರ ಒಗ್ಗದ ಅಕ್ಷರಗಳ ಮಾತು. ‘ಓ’ ಸುಲಭ, ಕಾಲು ಸುತ್ತು ತಿರುಗಿಸಿದರೆ ಹತ್ತಿರ ಹತ್ತಿರ ಕೆಲಸ ಮುಗಿಯುತ್ತದೆ. ‘ಎ’ಯಲ್ಲಿ ರೂಢಿಯ ಪ್ರಕಾರ ಎಡಗಾಲು ತೆಳು, ಬಲಗಾಲು ದಪ್ಪ. ಅದಲುಬದಲನ್ನು ನಿಷ್ಠೆಯಿಂದ ಮಾಡಿದರೆ ಎಡಗಾಲು ದಪ್ಪವಾಗಬೇಕು. ಸೂತ್ರಕ್ಕೆ ನಿಜವಾದ ಪರೀಕ್ಷೆ ‘ಎನ್’. ರೂಢಿಯ ‘ಎನ್’ನಲ್ಲಿ ಎರಡು ನಿಂತ ಗೆರೆಗಳೂ ತೆಳು, ನಡುವಿನ ಓರೆಗೆರೆ ದಪ್ಪ. ಗೆರೆಗೆ ಗೆರೆ ಬದಲಿಸುತ್ತ ಹೋದರೆ ನಿಂತ ಗೆರೆಗಳು ದಪ್ಪವಾಗಿ, ಇಡೀ ಅಚ್ಚಿನಲ್ಲಿ ಇದೊಂದೇ ಅಕ್ಷರ ಉಳಿದವುಗಳಿಗೆ ಎದುರು ನಿಲ್ಲುತ್ತದೆ. ‘ನಿಂತದ್ದು ತೆಳು, ಮಲಗಿದ್ದು ದಪ್ಪ’ ಎಂದು ಹಿಡಿದರೆ ‘ಎನ್’ನಲ್ಲಿ ಮಲಗಿದ ಗೆರೆಯೇ ಇಲ್ಲ, ತೂಕ ಹೊರಲು ಸೆರಿಫ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಎರಡೂ ದಾರಿಗಳು ‘ಅದಲುಬದಲು’ ಎಂಬ ಒಂದೇ ಮಾತಿಗೆ ನಿಷ್ಠವಾಗಿವೆ, ಆದರೆ ಕೊಡುವ ಉತ್ತರ ಬೇರೆ ಬೇರೆ. ‘ಎಂ’, ‘ಡಬ್ಲ್ಯೂ’, ‘ಎಕ್ಸ್’, ಅಂಕಿಗಳಲ್ಲಿ 4 ಮತ್ತು 7 ಇವೆಲ್ಲ ಇದೇ ಇಕ್ಕಟ್ಟು ತರುತ್ತವೆ. ಹಾಗಾಗಿ ಇಂಥ ಅಚ್ಚನ್ನು ಗುರುತಿಸಲು ಕುಳಿತವರು ‘ಓ’, ‘ಟಿ’, ‘ಎಚ್’ ನೋಡಿ ಪ್ರಯೋಜನವಿಲ್ಲ, ಅವು ಎಲ್ಲ ಅಚ್ಚುಗಳಲ್ಲೂ ಒಂದೇ ಥರ. ಓರೆಗೆರೆಯ ಅಕ್ಷರಗಳನ್ನೂ ‘ಎಸ್’ನ ಬೆನ್ನನ್ನೂ ‘ಆರ್’ನ ಕಾಲನ್ನೂ ನೋಡಬೇಕು. ಅಲ್ಲಿ ಕೆತ್ತಿದವನ ತೀರ್ಮಾನ ಸಿಗುತ್ತದೆ.

ಗುರುತಿಸುವವರು ಮೊದಲು ಬೇರ್ಪಡಿಸಬೇಕಾದದ್ದು ಎರಡು ಕುಲಗಳನ್ನು. ಒಂದು, ಈ ಇಟಾಲಿಯನ್: ಅಗಲವಾದ ಮೈ, ದಪ್ಪ-ತೆಳುವಿನ ಪೂರ್ತಿ ತಿರುವು. ಇನ್ನೊಂದು ಅಮೆರಿಕದಲ್ಲಿ 1860ರ ದಶಕದಿಂದ ಜನಪ್ರಿಯವಾದ ‘ಫ್ರೆಂಚ್ ಕ್ಲಾರೆಂಡನ್’. ಕೌಬಾಯ್ ಸಿನಿಮಾದ ಪೋಸ್ಟರಿನಲ್ಲಿ ನಾವೆಲ್ಲ ಕಂಡಿರುವುದು ಇದನ್ನು. ಇದರ ಮೂಲ 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಲ್ಲಿ ರಾಬರ್ಟ್ ಬೆಸ್ಲಿ ಹೊರತಂದ ಕ್ಲಾರೆಂಡನ್. ಅದನ್ನು ಉದ್ದಕ್ಕೆ ಎಳೆದು, ಮೈಯನ್ನು ಸಪೂರ ಮಾಡಿ, ತಲೆ ಮತ್ತು ಪಾದದ ಸೆರಿಫ್‌ಗಳನ್ನು ಭಾರವಾಗಿಸಿದ ರೂಪ ಇದು. ಇಲ್ಲಿ ತಿರುವು ಪೂರ್ತಿಯಾದದ್ದಲ್ಲ. ನಿಂತ ಗೆರೆ ಕಡ್ಡಿಯಾಗದೆ ಸಾಕಷ್ಟು ಗಟ್ಟಿಯಾಗಿಯೇ ಉಳಿಯುತ್ತದೆ, ತೂಕ ಎರಡು ತುದಿಗಳಲ್ಲಿ ಮಾತ್ರ ನಿಲ್ಲುತ್ತದೆ. ಇದರ ಹಿಂದೆ ಒಂದು ಅಪ್ಪಟ ಕಸುಬಿನ ತರ್ಕ ಇದೆ. ಪೋಸ್ಟರಿನ ಸಾಲು ಕಾಗದದ ಈ ಅಂಚಿನಿಂದ ಆ ಅಂಚಿನ ತನಕ ತುಂಬಬೇಕು. ಪದ ಉದ್ದವಾದಷ್ಟೂ ಅಕ್ಷರ ಸಪೂರವಾಗಬೇಕು. ಸಪೂರವಾದ ಅಕ್ಷರದಲ್ಲಿ ಅಗಲಕ್ಕೆ ಜಾಗವಿಲ್ಲ, ಎತ್ತರಕ್ಕೆ ಬೇಕಾದಷ್ಟಿದೆ. ಕಪ್ಪನ್ನು ಹೆಚ್ಚಿಸಲು ಉಳಿದಿರುವ ಜಾಗ ನೆತ್ತಿ ಮತ್ತು ಪಾದ ಮಾತ್ರ. ಇಟಾಲಿಯನ್ ರೂಢಿಯನ್ನು ಬೇಕೆಂದೇ ಮುರಿಯಿತು. ಫ್ರೆಂಚ್ ಕ್ಲಾರೆಂಡನ್ ಜಾಗದ ಲೆಕ್ಕಾಚಾರದಿಂದ ಅದೇ ಊರಿಗೆ ಬೇರೆ ದಾರಿಯಲ್ಲಿ ಬಂತು. ಇವೆರಡನ್ನೂ ಒಂದೇ ಹೆಸರಿನಡಿ ತುಂಬುವ ಕ್ಯಾಟಲಾಗುಗಳು ಈ ಅಚ್ಚುಗಳಿಗೆ ಮಾಡುವ ಅನ್ಯಾಯ ದೊಡ್ಡದು.

ಅಮೆರಿಕದ ಈ ಅಚ್ಚುಗಳಲ್ಲಿ ಬಹುಪಾಲು ಮರದವು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ತಿರುಗುವ ರೌಟರಿನಿಂದ ಮರದ ಅಚ್ಚು ಕೊರೆಯುವುದನ್ನು ಕಂಡುಕೊಂಡ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮೂಲಾಕ್ಷರ ಇದ್ದರೆ ಅದನ್ನು ಬೇಕಾದ ಅಳತೆಗೆ ಕೊರೆಯುವುದು ಅಲ್ಲಿಂದಾಚೆ ಸಾಧ್ಯವಾಯಿತು. ವಿಲಿಯಂ ಪೇಜ್ ಕಂಪನಿಯಂಥ ತಯಾರಕರು ಒಬ್ಬರನ್ನು ನೋಡಿ ಒಬ್ಬರು ಕೊರೆದರು. 1880ರಲ್ಲಿ ವಿಸ್ಕಾನ್ಸಿನ್ನಿನ ಟೂ ರಿವರ್ಸ್‌ನಲ್ಲಿ ಶುರುವಾದ ಹ್ಯಾಮಿಲ್ಟನ್ ಕಂಪನಿ 1891ರಲ್ಲಿ ಪೇಜ್ ಕಂಪನಿಯನ್ನೇ ಕೊಂಡಿತು. ಹೀಗೆ ಒಂದೇ ಅಚ್ಚು ಬೇರೆ ಬೇರೆ ಹೆಸರು, ಬೇರೆ ಬೇರೆ ಮುದ್ರೆ ಹೊತ್ತು ಊರೂರಿಗೆ ಹೋಯಿತು. ಅಚ್ಚೇ ಕೈಗೆ ಸಿಕ್ಕರೆ ಒಂದು ಅನುಕೂಲವುಂಟು: ತಯಾರಕರು ತಮ್ಮ ಹೆಸರನ್ನು ಸಾಮಾನ್ಯವಾಗಿ ಕ್ಯಾಪಿಟಲ್ ‘ಎ’ಯ ಮಗ್ಗುಲಿಗೆ ಒತ್ತುತ್ತಿದ್ದರು. ಕಾಗದ ಮಾತ್ರ ಸಿಕ್ಕರೆ ಮಾದರಿ ಪುಸ್ತಕಗಳ ಪುಟ ತಿರುವದೆ ಗತಿಯಿಲ್ಲ. ಈ ಕೆಲಸವನ್ನು ಬಹಳ ಹಗುರ ಮಾಡಿದವರು ರಾಬ್ ರಾಯ್ ಕೆಲಿ. ಅವರ ‘ಅಮೆರಿಕನ್ ವುಡ್ ಟೈಪ್’ ಗ್ರಂಥ 1969ರಲ್ಲಿ ಬಂತು. ಅವರು ಕಲೆಹಾಕಿದ ಮರದ ಅಚ್ಚುಗಳು ಇವತ್ತು ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿವೆ.

ಈಗ ಗುರುತಿಸುವ ಕೆಲಸವನ್ನು ಹಲವರು ಸಾಫ್ಟ್‌ವೇರಿಗೆ ಬಿಟ್ಟಿದ್ದಾರೆ. ಚಿತ್ರ ಕೊಟ್ಟರೆ ಅದು ತನ್ನ ಭಂಡಾರದಲ್ಲಿರುವ ಫಾಂಟುಗಳಲ್ಲಿ ಹತ್ತಿರದ್ದೊಂದರ ಹೆಸರು ಹೇಳುತ್ತದೆ. 1870ರ ಪೋಸ್ಟರಿನ ಅಕ್ಷರಕ್ಕೆ ‘ಪ್ಲೇಬಿಲ್’ ಎಂಬ ಉತ್ತರ ಬರುವುದು ಹೀಗೆ. ಪ್ಲೇಬಿಲ್ ಅನ್ನು ರಾಬರ್ಟ್ ಹಾರ್ಲಿಂಗ್ ಶೆಫೀಲ್ಡಿನ ಸ್ಟೀಫನ್ಸನ್ ಬ್ಲೇಕ್ ಫೌಂಡ್ರಿಗಾಗಿ ಬರೆದದ್ದು 1938ರಲ್ಲಿ. ಉತ್ತರದಲ್ಲಿರುವ ಹೆಸರು ಅಜ್ಜನಿಗೆ ಮೊಮ್ಮಗನ ಹೆಸರಿಟ್ಟಂತೆ. ವಂಶ ತಿಳಿಯಿತು, ವ್ಯಕ್ತಿ ತಿಳಿಯಲಿಲ್ಲ. ಪೋಸ್ಟರ್ ಮರುಸೃಷ್ಟಿ ಮಾಡಬೇಕಾದ ಕಲಾವಿದರಿಗೆ ಆ ಹೆಸರೇ ಸಾಕಾಗಬಹುದು. ಕಾಗದದ ಕಾಲ ನಿರ್ಧರಿಸಲು ಹೊರಟವರಿಗೆ ಅದು ದಾರಿ ತಪ್ಪಿಸುವ ಉತ್ತರ.

ಪ್ಲೇಬಿಲ್ ಬಗ್ಗೆ ನನಗೆ ಗೌರವವಿದೆ. ವಿಕ್ಟೋರಿಯಾ ಕಾಲದ ಅಚ್ಚುಗಳನ್ನು ಬಲ್ಲವರು ಕೀಳಾಗಿ ಕಾಣುತ್ತಿದ್ದ ದಿನಗಳಲ್ಲಿ ಹಾರ್ಲಿಂಗ್ ಅವುಗಳ ಕಡೆ ಪ್ರೀತಿಯಿಂದ ತಿರುಗಿ ನೋಡಿದ. ಆದರೆ ಅವನ ಅಕ್ಷರ ಮೈಕ್ರೋಸಾಫ್ಟ್ ಆಫೀಸ್ ಜೊತೆ ಕೋಟ್ಯಂತರ ಕಂಪ್ಯೂಟರುಗಳಿಗೆ ಹೋದ ಮೇಲೆ ಒಂದು ನಷ್ಟವೂ ಆಯಿತು: ಅಡ್ಡಗೆರೆ ದಪ್ಪ ಎಂದರೆ ಕೌಬಾಯ್ ಎಂಬ ಸಮೀಕರಣ ಗಟ್ಟಿಯಾಯಿತು. 1990ರಲ್ಲಿ ಅಡೋಬಿ ಮರದ ಅಚ್ಚುಗಳನ್ನು ಆಧರಿಸಿ ಹೊರತಂದ ಫಾಂಟುಗಳಿಗೆ ಮರಗಳದೇ ಹೆಸರಿಟ್ಟಿತು: ಪಾಂಡೆರೋಸಾ, ಐರನ್‌ವುಡ್, ಕಾಟನ್‌ವುಡ್, ಜುನಿಪರ್. ರೇಖೆ ಶುಚಿಯಾಗಿದೆ, ಕೆಲಸ ಪ್ರಾಮಾಣಿಕವಾಗಿದೆ. ಮರದ ಅಚ್ಚಿನಲ್ಲಿ ಅಳತೆ ಬದಲಾದಂತೆ ಮೈಕಟ್ಟೂ ಬದಲಾಗಬಹುದಿತ್ತು; ಇಲ್ಲಿ ಒಂದೇ ಚಿತ್ರ ಎಲ್ಲ ಅಳತೆಗೂ ಹಿಗ್ಗುತ್ತದೆ. ದೊಡ್ಡದಾಗಿ ಒಪ್ಪುವ ಸಣ್ಣ ಸಂದುಗಳು ಚಿಕ್ಕದಾಗಿ ಬಳಸಿದಾಗ ಮುಚ್ಚಿಹೋಗುತ್ತವೆ. ಆಮೇಲೆ ಬಂದ ‘ವೆಸ್ಟರ್ನ್’ ಫಾಂಟುಗಳಲ್ಲಿ ಹಲವು ಇದಕ್ಕಿಂತ ಕೆಟ್ಟದ್ದನ್ನು ಮಾಡಿವೆ: ಅಕ್ಷರದ ಮೈಮೇಲೆ ಸವೆತ, ಬಿರುಕು, ಇಂಕು ಹತ್ತದ ಚುಕ್ಕೆ ಬಿಡಿಸಿ ಮಾರುತ್ತವೆ. ಒಂದು ಪದದಲ್ಲಿ ಮೂರು ‘ಇ’ ಬಂದರೆ ಮೂರಕ್ಕೂ ಅದೇ ಜಾಗದಲ್ಲಿ ಅದೇ ಬಿರುಕು. ಹಳೆಯ ಅಚ್ಚುಕೂಟದಲ್ಲಿ ಪ್ರತಿ ‘ಇ’ ಬೇರೆ ತುಂಡು ಮರ, ಅದರ ಗಾಯ ಅದಕ್ಕೇ. ಮುದ್ರಕ ಇಷ್ಟಪಡದೆ ಸಹಿಸಿಕೊಂಡ ದೋಷವನ್ನು ಅಲಂಕಾರ ಮಾಡುವುದು, ಅವನು ಶ್ರಮಪಟ್ಟು ಸಾಧಿಸಿದ ಆಕಾರವನ್ನು ಗಮನಿಸದೆ ಬಿಡುವುದು, ಎರಡನ್ನೂ ಮರುರೂಪ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಫ್ರೆಂಚ್ ಕ್ಲಾರೆಂಡನ್ ಕುಲದಲ್ಲಿ ನನಗೆ ಹಿಡಿಸಿದ್ದು ಡೇವಿಡ್ ಜೊನಾಥನ್ ರಾಸ್ ಅವರ ‘ಟ್ರಿಲ್ಬಿ’. ಅವರು ಕೇಳಿಕೊಂಡದ್ದು ಪೋಸ್ಟರಿನ ವೇಷ ತೆಗೆದರೆ ಈ ತೂಕದ ಹಂಚಿಕೆಯಲ್ಲಿ ಉಳಿಯುವುದೇನು ಎಂದು. ಸೆರಿಫ್‌ಗಳ ಭಾರವನ್ನು ತಗ್ಗಿಸಿ, ಮೈಗೆ ಅಗಲ ಕೊಟ್ಟು, ಓದಲು ಬರುವ ಅಳತೆಗೆ ಅದನ್ನು ತಂದಿದ್ದಾರೆ. ಅವರದೇ ‘ಮ್ಯಾನಿಕಾಟಿ’ ಇನ್ನೊಂದು ತುದಿಗೆ ಹೋಗಿ ಸೆರಿಫ್‌ಗಳನ್ನು ಎಷ್ಟು ಸಾಧ್ಯವೋ ಅಷ್ಟು ದಪ್ಪ ಮಾಡುತ್ತದೆ. ಉಚಿತವಾಗಿ ಸಿಗುವವುಗಳಲ್ಲಿ ವರ್ನನ್ ಆಡಮ್ಸ್ ಅವರ ‘ಸ್ಯಾನ್‌ಕ್ರೀಕ್’ ಇದೆ. ದುಡ್ಡಿಲ್ಲದ ವಿದ್ಯಾರ್ಥಿಯೂ ಇಳಿಸಿಕೊಂಡು, ಒಳಗಿನ ರೇಖೆಗಳನ್ನು ಬಿಚ್ಚಿ ನೋಡಿ ಕಲಿಯಬಹುದಾದದ್ದು ಅದರ ದೊಡ್ಡ ಗುಣ.

ಇಟಾಲಿಯನ್ ಕುಲದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚನೆ ಹಚ್ಚುವುದು 2012ರ ‘ಕಾರ್ಲೋಫ್’. ಪೀಟರ್ ಬಿಲ್ಯಾಕ್ ಅವರ ಟೈಪೋಥೆಕ್ ಸಂಸ್ಥೆಯದು, ಪೀಟರ್ ವಾನ್ ರೋಸ್ಮಾಲೆನ್ ಜೊತೆಗೂಡಿ ಮಾಡಿದ್ದು. (ಬಿಲ್ಯಾಕ್ 2009ರಲ್ಲಿ ಸತ್ಯ ರಾಜಪುರೋಹಿತ್ ಜೊತೆ ಅಹಮದಾಬಾದಿನ ಇಂಡಿಯನ್ ಟೈಪ್ ಫೌಂಡ್ರಿಯನ್ನು ಕಟ್ಟಿದವರು, ಭಾರತೀಯ ಲಿಪಿಗಳ ಫಾಂಟು ಬಳಸುವವರಿಗೆ ಅಪರಿಚಿತರಲ್ಲ.) ಕಾರ್ಲೋಫ್ ಪಾಸಿಟಿವ್ ಡಿಡೋ-ಬೊಡೋನಿ ಹಾದಿಯ ಸುಂದರ ಅಕ್ಷರ. ಕಾರ್ಲೋಫ್ ನೆಗೆಟಿವ್ ಇಟಾಲಿಯನ್ ಮಾದರಿಯ ತಿರುವು. ಇವೆರಡರ ನಡುವೆ ಕಂಪ್ಯೂಟರ್ ಲೆಕ್ಕ ಹಾಕಿ ತೆಗೆದ ಮಧ್ಯರೂಪದಿಂದ ಬಂದದ್ದು ಕಾರ್ಲೋಫ್ ನ್ಯೂಟ್ರಲ್: ದಪ್ಪ-ತೆಳುವಿನ ಅಂತರ ಅಳಿದುಹೋದ ಸೌಮ್ಯ ಅಕ್ಷರ. ಹೀಗೆ ಮಧ್ಯರೂಪ ತೆಗೆಯಬೇಕಾದರೆ ಎರಡೂ ತುದಿಯ ಅಕ್ಷರಗಳಲ್ಲಿ ರೇಖೆಯ ಬಿಂದುಗಳು ಅಷ್ಟೇ ಸಂಖ್ಯೆಯಲ್ಲಿ, ಅದೇ ಕ್ರಮದಲ್ಲಿ ಇರಬೇಕು. ಎಂದರೆ, ಚೆಲುವೆಂದು ಹೊಗಳಿಸಿಕೊಂಡದ್ದೂ ವಿಕಾರವೆಂದು ಬೈಸಿಕೊಂಡದ್ದೂ ಒಂದೇ ಎಲುಬಿನ ಮೇಲೆ ನಿಂತಿವೆ. ಹ್ಯಾನ್ಸರ್ಡ್‌ನಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ಗ್ರಂಥವೂ ಕೊಟ್ಟಿಲ್ಲ ಎಂದು ನಾನು ನಂಬುತ್ತೇನೆ. ನನ್ನ ಆಕ್ಷೇಪ ಒಂದೇ. ಎಲುಬು ಒಂದೇ ಆಗಿರಲೇಬೇಕೆಂಬ ಷರತ್ತಿನಿಂದ ನೆಗೆಟಿವ್ ಅಕ್ಷರಗಳು ತುಸು ಹೆಚ್ಚೇ ವಿಧೇಯವಾಗಿವೆ. ಅಕ್ಷರಕ್ಕೊಂದು ತೀರ್ಮಾನ ಮಾಡುತ್ತ ಹೋದ 1821ರ ಕೈಯ ಒರಟುತನ ಅವುಗಳಲ್ಲಿ ಕಡಿಮೆ.

ಕನ್ನಡ ಓದುಗರಾಗಿ ನಾವು ಈ ವಾದವನ್ನು ಇನ್ನೊಂದು ಮಗ್ಗುಲಿನಿಂದ ನೋಡಬಲ್ಲೆವು. ತಿರುವು ಎನ್ನಬೇಕಾದರೆ ಮೊದಲು ಒಂದು ರೂಢಿ ಬೇಕು. ಹೀಬ್ರೂ ಚೌಕಲಿಪಿಯಲ್ಲಿ ಅಡ್ಡಗೆರೆ ದಪ್ಪವಿರುವುದೇ ಸಂಪ್ರದಾಯ; ಅಲ್ಲಿ ಇಟಾಲಿಯನ್ನಿನ ಹಂಚಿಕೆ ಯಾರನ್ನೂ ಬೆಚ್ಚಿಬೀಳಿಸದು. ನಮ್ಮ ಲಿಪಿ ಓಲೆಗರಿಯ ಮೇಲೆ ಕಂಟದಿಂದ ಕೊರೆದ, ಎಲ್ಲ ಕಡೆಗೂ ಒಂದೇ ಸಮನಾದ ಗೆರೆಯಲ್ಲಿ ಶತಮಾನಗಳ ಕಾಲ ಉರುಳಿಕೊಂಡು ಬಂತು. ತಲೆಕಟ್ಟು ತುಂಬ ದಪ್ಪವಿರುವ ಕನ್ನಡ ಅಕ್ಷರವನ್ನು ಕಂಡರೆ ತಲೆಭಾರ ಹೆಚ್ಚಾಯಿತು ಎನ್ನುತ್ತೇವೆ, ಬುಡಮೇಲಾಯಿತು ಎನ್ನುವುದಿಲ್ಲ. ಈ ಅಚ್ಚುಗಳ ಆಘಾತ ರೋಮನ್ ಲಿಪಿಯ ಅಭ್ಯಾಸದಲ್ಲಿರುವುದು, ಆಕಾರದಲ್ಲಲ್ಲ. ಕನ್ನಡಕ್ಕೆ ಕೌಬಾಯ್ ಅಚ್ಚು ಬೇಕೆಂದು ಅಡ್ಡಗೆರೆಗಳನ್ನು ಯಾಂತ್ರಿಕವಾಗಿ ಉಬ್ಬಿಸಿದರೆ ಆಕಾರ ಬಂದೀತು, ಆಘಾತ ಬಾರದು.

ಪಾಲ್ ಬಾರ್ನ್ಸ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಅವರ ಕಮರ್ಷಿಯಲ್ ಟೈಪ್ ಸಂಸ್ಥೆ 2019ರಲ್ಲಿ ಕಮರ್ಷಿಯಲ್ ಕ್ಲಾಸಿಕ್ಸ್ ಎಂಬ ಮಾಲೆ ಆರಂಭಿಸಿ, ಬ್ರಿಟಿಷ್ ಫೌಂಡ್ರಿಗಳ ಹಳೆಯ ಅಚ್ಚುಗಳಿಗೆ ಮತ್ತೆ ಜೀವ ಕೊಡುತ್ತ ಬಂದಿದೆ. ಅದರಲ್ಲಿನ ‘ಕ್ಯಾಸ್ಲನ್ ಇಟಾಲಿಯನ್’ ನೇರವಾಗಿ ಮೂಲಕ್ಕೇ ಹೋಗುತ್ತದೆ. ಅದು ಒಂಟಿಯಾಗಿಲ್ಲ ಎಂಬುದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ. ಅದೇ ಫೌಂಡ್ರಿಯ ಪರಂಪರೆಯ ಡೋರಿಕ್, ಅಯಾನಿಕ್ ಅಕ್ಷರಗಳು ಅದೇ ಮಾಲೆಯಲ್ಲಿ ಅದರ ಪಕ್ಕದಲ್ಲಿವೆ. 19ನೇ ಶತಮಾನದ ಮುದ್ರಕ ಒಂದೇ ಕರಪತ್ರದಲ್ಲಿ ಬಗೆಬಗೆಯ ಅಚ್ಚುಗಳನ್ನು ಸಾಲುಸಾಲಾಗಿ ಕೂರಿಸುತ್ತಿದ್ದ. ಆ ಸಹವಾಸದಲ್ಲಿ ಇಟ್ಟಾಗ ಇಟಾಲಿಯನ್ ತನ್ನ ಕೆಲಸ ಮಾಡುತ್ತದೆ: ಹತ್ತು ಸಾಲುಗಳ ನಡುವೆ ಒಂದೇ ಪದವಾಗಿ ನಿಂತು ಕಣ್ಣನ್ನು ಹಿಡಿಯುತ್ತದೆ. ಕೌಬಾಯ್ ಟೋಪಿಯ ನೆರಳಿನಿಂದ ಬಿಡಿಸಿ ಅದನ್ನು ಅದರ ಮನೆಗೆ ಮರಳಿಸಿದ್ದು ಈ ಮರುರೂಪದ ಸಾಧನೆ.

ಇಂಥ ಯಾವುದೇ ಫಾಂಟು ಕೊಳ್ಳುವ ಮುನ್ನ ನಾನು ನೋಡುವುದು, ಮೂಲದಲ್ಲಿ ಇಲ್ಲದಿದ್ದ ಗುರುತುಗಳನ್ನು ವಿನ್ಯಾಸಕರು ಹೇಗೆ ಬರೆದಿದ್ದಾರೆ ಎಂದು. ಸ್ಮಾಲ್ ‘ಎ’, ‘ಇ’, ‘ಜಿ’, ‘ಎಸ್’ಗಳಲ್ಲಿ ಮೂರು ಅಡ್ಡಗೆರೆಗಳು ಒಂದರ ಮೇಲೊಂದು ಗಿಡ್ಡ ಎತ್ತರದಲ್ಲಿ ಕೂರಬೇಕು. ಮೂರಕ್ಕೂ ಪೂರ್ತಿ ದಪ್ಪ ಕೊಟ್ಟರೆ ನಡುವಿನ ಬಿಳಿ ಉಳಿಯುವುದಿಲ್ಲ, ಕಡಿಮೆ ಮಾಡಿದರೆ ಕ್ಯಾಪಿಟಲ್ ಪಕ್ಕದಲ್ಲಿ ಬಡಕಲಾಗಿ ಕಾಣುತ್ತವೆ. ಇನ್ನು 2010ರಲ್ಲಿ ನಮ್ಮ ರೂಪಾಯಿಗೆ ಬಂದ ಚಿಹ್ನೆ: ನೆತ್ತಿಯಲ್ಲಿ ಎರಡು ಅಡ್ಡಗೆರೆ, ಅವುಗಳಿಗೆ ಅಂಟಿದ ಬಾಗು, ಕೆಳಗೊಂದು ಓರೆಕಾಲು. ಅಡ್ಡಗೆರೆ ದಪ್ಪ ಎಂಬ ಅಚ್ಚಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಸಿಗುವುದು ಅಪರೂಪ. ಎರಡು ಗೆರೆಗೂ ಪೂರ್ತಿ ತೂಕ ಕೊಟ್ಟರೆ ಮೇಲರ್ಧ ಕಪ್ಪು ಮುದ್ದೆ. ಮೇಲಿನ ಗೆರೆಯನ್ನು ದಪ್ಪ ಬಿಟ್ಟು ನಡುವಿನದನ್ನು ತೆಳುವಾಗಿಸಿ, ಬಾಗನ್ನು ಅದರ ಕೆಳಗೆ ಇಳಿಸಿದರೆ ಗುರುತೂ ಉಳಿಯುತ್ತದೆ, ಅಚ್ಚಿನ ಸ್ವಭಾವವೂ ಉಳಿಯುತ್ತದೆ. ಬೇರೊಂದು ಸಾಧಾರಣ ಫಾಂಟಿನಿಂದ ರೂಪಾಯಿ ಚಿಹ್ನೆಯನ್ನು ಎತ್ತಿ ತಂದು ಅಂಟಿಸಿದ್ದರೆ, ಆ ವಿನ್ಯಾಸಕರು ಉಳಿದ ಅಕ್ಷರಗಳನ್ನೂ ಮಾದರಿ ಪುಸ್ತಕದ ಮೇಲೆ ಕಾಗದವಿಟ್ಟು ನಕಲು ಮಾಡಿದ್ದಾರೆ, ಯೋಚಿಸಿ ಬರೆದಿಲ್ಲ ಎಂದೇ ನಾನು ತಿಳಿಯುತ್ತೇನೆ.